ಬೀಗರಿಗೆ ಹೇಳಬಾರದ ಗುಳಿಗಿ

ನೂರು ಸುಳ್ಳು ಹೇಳಿ ಒಂದು ಮದುವಿ ಮಾಡು ಅಂತ ಹಿರ್ಯಾರು ಅಂದಾರ. ಹಿರೇಕೆರೂರಿನ ಗೋವಿನಜೋಳದ ವ್ಯಾಪಾರಿ ಶಂಭುಲಿಂಗಪ್ಪ ಮಾತ್ರ ಮಗಳು ಅಂಕಿತಾನ ಮದುವಿಗೆ ಒಂದ ಸುಳ್ಳು ಸಾಕು ಅಂತ ತಿಳಕೊಂಡಿದ್ದ. ಅದೂ ಒಂದು ಸುಳ್ಳೇನು? ಬರೇ ಬಾಯಿ ಮುಚಗೊಂಡು ಕುಂದ್ರೂದು. ಆದ್ರ ಮಾರ್ಕೆಟ್ಟಿನ್ಯಾಗ ಇಡೀ ದಿವಸ ಕೂಗ್ಯಾಡೂ ಮನಶ್ಯಾಗ ಬಾಯಿ ಮುಚಗೊಂಡು ಕುಂದ್ರೂದು ಎಂಥಾ ಕಷ್ಟ ಅನ್ನೂದು ಅವಗ ಮೊದಲ ಗೊತ್ತಿರಲಿಲ್ಲ ನೋಡ್ರಿ.

ಕಥಿ ಶುರು ಆಗಿದ್ದು ಅವನ ಎದ್ಯಾಗ. ಹೋದ ವರ್ಷ ದಸರಾ ಮುಗದ ಮ್ಯಾಲ, ಜೋಳದ ರಾಶಿ ಮುಂದ ನಿಂತಾಗನ ಎದಿ ಹಿಂಡಿ, ಮೈಯೆಲ್ಲಾ ಬೆವತು, ಮಂದಿ ಅವನ್ನ ಹುಬ್ಬಳ್ಳಿಗೆ ಒಯ್ದಿದ್ರು. ಅಲ್ಲಿ ಎದಿ ರಕ್ತನಾಳದಾಗ ಸ್ಟೆಂಟ್ ಹಾಕಿದ್ರು. ಸ್ಟೆಂಟ್ ಅಂದ್ರ ಒಂದು ಸಣ್ಣ ಜಾಳಗಿ ಕೊಳವಿ. ಅದರೊಳಗ ರಕ್ತ ಹೆಪ್ಪುಗಟ್ಟಬಾರದು ಅಂತ ದಿನಾ ಮುಂಜಾನೆ ಒಂದು ಗುಲಾಬಿ ಬಣ್ಣದ ಗುಳಿಗಿ, ಕ್ಲೊಪಿಡೊಗ್ರೆಲ್ ಅಂತ. ಶಂಭುಲಿಂಗಪ್ಪ ಪೂಜಿ ತಪ್ಪಿಸಿದ್ರೂ ಆ ಗುಳಿಗಿ ತಪ್ಪಿಸಲಿಲ್ಲ. ಹಂಗಿದ್ರೂ ಸಂಕ್ರಾಂತಿ ಹೊತ್ತಿಗೆ ಮತ್ತ ಎದಿ ಹಿಡಕೊಂತು.

"ಗುಳಿಗಿ ಬಿಟ್ಟಿದ್ರೇನ್ರಿ ಯಜಮಾನ್ರ?" ಅಂತ ಕೇಳಿದ್ರು ಹುಬ್ಬಳ್ಳಿಯ ಹಾರ್ಟಿನ ಡಾಕ್ಟರು. ಸವಿತಾ ಅಂತ ಅವರ ಹೆಸರು. ನಕ್ಕೋತ ಮಾತಾಡೂ ಹೆಣ್ಮಗಳು, ಆದ್ರ ಕಣ್ಣು ಭಾಳ ಚುರುಕು.

ಶಂಭುಲಿಂಗಪ್ಪಗ ಸಿಟ್ಟು ನೆತ್ತಿಗೇರಿತು. "ಮನಿದೇವರ ಆಣಿ ಮಾಡಿ ಹೇಳ್ತೇನ್ರಿ, ಒಂದು ದಿವಸರ ಬಿಟ್ಟಿದ್ರ ಕೇಳ್ರಿ!"

"ಹಂಗಾರ ಗುಳಿಗೀನ ನಿಮ್ಮನ್ನ ಬಿಟ್ಟಿರಬೇಕು," ಅಂದು ಡಾಕ್ಟರು ರಕ್ತ ತಗಸಿ ಒಂದು ಬ್ಯಾರೆ ಪರೀಕ್ಷಾಕ್ಕ ಕಳಿಸಿದ್ರು. ಅದರ ಫಲಿತಾಂಶ ಬಂದ ಮ್ಯಾಲ ಅವನ್ನ ಮುಂದ ಕುಂದ್ರಿಸಿಕೊಂಡು ತಿಳಿಸಿ ಹೇಳಿದ್ರು. "ನೀವು ಜೋಳದ ವ್ಯಾಪಾರ ಮಾಡಾವ್ರು, ನಿಮಗ ಲಗೂ ತಿಳೀತತಿ. ಈ ಗುಳಿಗಿ ಹೊಟ್ಟಿಗೆ ಹೋಗೂಮುಂದ ಕಾಳು ಇದ್ದಂಗ. ಬೀಸಿದ್ರ ಮಾತ್ರ ರೊಟ್ಟಿ. ಬೀಸೂ ಗಿರಣಿ ನಿಮ್ಮ ಲಿವರಿನ್ಯಾಗ ಐತಿ. ನಿಮ್ಮದು ಆ ಗಿರಣಿ ಹುಟ್ಟಾ ಬಂದ್. ಅಪ್ಪನ ಕಡಿಂದ ಬಂದ ಜೀನೂ ಕೆಲಸ ಮಾಡೂದಿಲ್ಲ, ಅವ್ವನ ಕಡಿಂದ ಬಂದದ್ದೂ ಮಾಡೂದಿಲ್ಲ. ನೀವು ಗುಳಿಗಿ ನುಂಗಿದ್ದು ಖರೆ, ಅದು ಬರೇ ಕಾಳಾಗೇ ಹೊರಗ ಹೋಗೇತಿ."

"ಹಂಗಾದ್ರ ಬೀಸಿದ ಹಿಟ್ಟ ಕೊಡ್ರಲ್ರಿ!"

"ಅದ ಕೊಡಾಕತ್ತೇನಿ," ಅಂತ ನಕ್ಕು ಬ್ಯಾರೆ ಗುಳಿಗಿ ಬರದ್ರು. "ಇದಕ್ಕ ಆ ಗಿರಣಿ ಹಂಗು ಬ್ಯಾಡ. ಆದ್ರ ದಿನಕ್ಕ ಎರಡು ಸಲ ನುಂಗಬೇಕು. ಇನ್ನೊಂದು ಮಾತು. ನಿಮ್ಮ ಒಡಹುಟ್ಟಿದವರಿಗೂ ಹೇಳಿಡ್ರಿ. ಅವರಿಗೆ ಇರಬಹುದು, ಇರದನೂ ಇರಬಹುದು. ಮುಂದ ಯಾರಿಗರ ಆ ಗುಲಾಬಿ ಗುಳಿಗಿ ಕೊಡೂ ಪ್ರಸಂಗ ಬಂದ್ರ ಮೊದಲ ಪರೀಕ್ಷಾ ಮಾಡಿಸ್ಲಿ. ಇದು ರೋಗ ಅಲ್ಲ, ಎಷ್ಟೋ ಮಂದಿಗೆ ಇರತೈತಿ."

ಶಂಭುಲಿಂಗಪ್ಪ ಗೋಣು ಹಾಕಿದ. ಹಾಕಿದ ಖರೆ, ಆದ್ರ ಅವನ ಕಿವ್ಯಾಗ ಉಳದದ್ದು ಎರಡ ಮಾತು. ಒಂದು, ಹುಟ್ಟಾ. ಎರಡನೇದು, ಅಪ್ಪನ ಕಡಿಂದನೂ ಅವ್ವನ ಕಡಿಂದನೂ. ಎಷ್ಟೋ ಮಂದಿಗೆ ಇರತೈತಿ ಅಂದದ್ದು ಈ ಕಿವಿಲೆ ಹೋಗಿ ಆ ಕಿವಿಲೆ ಹೊರಗ ಬಂತು.

ಯಾಕಂದ್ರ ಅದ ಹೊತ್ತಿಗೆ ಸವಣೂರಿನ ಬೀಗಸ್ತನದ ಮಾತು ನಡದಿತ್ತು. ನಾಗಪ್ಪ ಅಂತ, ವೀಳ್ಯದೆಲಿ ತ್ವಾಟದ ಮನಿತನ. ಅವರ ಮಗ ರುದ್ರೇಶ ಶಿಗ್ಗಾಂವಿಯಾಗ ಟ್ರ್ಯಾಕ್ಟರ್ ರಿಪೇರಿ ವರ್ಕ್‌ಶಾಪ್ ಇಟ್ಟಿದ್ದ. ಹಾನಗಲ್ಲಿನ ಹೈಸ್ಕೂಲಿನ್ಯಾಗ ಗಣಿತ ಕಲಸೂ ಅಂಕಿತಾಗೂ ಅವಗೂ ಆಗಲೇ ಫೋನಿನ್ಯಾಗ ಮಾತು ಮುಗೀತಿರಲಿಲ್ಲ. ಇನ್ನ ಉಳದದ್ದು ಹಿರ್ಯಾರ ಮಾತು. ನಮ್ಮ ಕಡೆ ಹಿರ್ಯಾರು ಹುಡುಗೀನ್ನ ನೋಡೂಕಿಂತ ಮೊದಲ ಮನಿತನ ನೋಡ್ತಾರ. ಸವಣೂರಿನವರು ಹಿರೇಕೆರೂರಿಗೆ ಬಂದು ಚಾದಂಗಡ್ಯಾಗ ಕೇಳಿದ್ರು, ಮಠದಾಗ ಕೇಳಿದ್ರು, ಕ್ಷೌರದಂಗಡ್ಯಾಗೂ ಕುಂತು ಕೇಳಿ ಹೋಗಿದ್ರು. ಎದಿ ಜಡ್ಡು ಅಂದ್ರ ಮಂದಿ "ಪಾಪ, ವ್ಯಾಪಾರದ ಟೆನ್ಶನ್" ಅಂತಾರ. ಆದ್ರ ರಕ್ತದಾಗ ಹುಟ್ಟಾ ಕೊರತಿ ಐತಿ, ಅದು ಮಕ್ಕಳಿಗೂ ಹೋಗತೈತಿ ಅಂದ್ರ? ವಂಶದೋಷ ಅಂತಾರ. ಹೊಸ್ತಿಲಾ ತುಳಿಯೂದಿಲ್ಲ.

ಅದಕ್ಕ ಹೆಂಡ್ತಿ ಸರೋಜವ್ವಗೂ ಅಂವ ಖರೇ ಹೇಳಲಿಲ್ಲ. "ಹೊಸಾ ಗುಳಿಗಿ ಬಂದಾವಂತ, ಚಲೋ ಇರತಾವಂತ," ಅಂದು ಮುಗಿಸಿದ. ಒಡಹುಟ್ಟಿದಾಕಿ ಅಂತ ಇದ್ದಾಕಿ ಒಬ್ಬಾಕಿ, ತಂಗಿ ಹೊನ್ನವ್ವ. ದುಂಡಸಿಗೆ ಕೊಟ್ಟಿತ್ತು. ಆಕಿಗೆ ಹೇಳೂದಂದ್ರ ಹಿರೇಕೆರೂರ ಸಂತ್ಯಾಗ ಡಂಗುರ ಹೊಡಿಸಿದಂಗ. ಹೊನ್ನವ್ವನ ಬಾಯಾಗ ಎಳ್ಳು ನೆನ್ಯಾಂಗಿಲ್ಲ. ಮದುವಿ ಮುಗೀಲಿ, ಆಮ್ಯಾಲ ಹೇಳಿದ್ರಾತು ಅಂತ ಅಂದ್ಕೊಂಡ.

ದೇವರು ಅಷ್ಟು ಪುರಸತ್ತು ಕೊಡಬೇಕಲ್ಲ! ಶಿವರಾತ್ರಿ ಆಗಿ ವಾರ ಆಗಿತ್ತೋ ಇಲ್ಲೋ, ಹೊನ್ನವ್ವಗ ಎದಿ ನೋವು ಬಂದು, ಆಕಿಗೂ ಧಾರವಾಡದಾಗ ಸ್ಟೆಂಟ್ ಹಾಕಿದ್ರು. ಶಂಭುಲಿಂಗಪ್ಪ ಓಡಿ ಹೋಗಿ ಮಾತಾಡಿಸಿ ಬಂದ. ಹಣ್ಣು ಒಯ್ದ, ಎಳನೀರು ಒಯ್ದ, ಮಂಚದ ಬಾಜೂ ಕುಂತು ಕಣ್ಣೀರೂ ಹಾಕಿದ. ಯಾವ ಗುಳಿಗಿ ಕೊಟ್ಟಾರ ಅಂತ ಒಂದು ಮಾತು ಮಾತ್ರ ಕೇಳಲಿಲ್ಲ. ಕೇಳಿದ್ರ ಹೇಳಬೇಕಾಗತೈತಿ! ಮುಂದಿನ ವಾರ ಸವಣೂರಿನವರು ನಿಶ್ಚಯಕ್ಕ ಬರಾವ್ರಿದ್ರು. ಸಕ್ಕರಿ ಹಂಚಿ ಮಾತು ಗಟ್ಟಿ ಆಗೂದೊಂದು ಆಗಲಿ, ಅದ ದಿವಸ ಸಂಜಿಕ ಆಕೀನ್ನ ಕರದು ಎಲ್ಲಾ ಹೇಳ್ತೇನಿ ಅಂತ ತನಗ ತಾನ ಮಾತು ಕೊಟ್ಟಕೊಂಡ. ಆದ್ರ ಅವತ್ತಿಂದ ಅವಗ ಊಟ ಸೇರಲಿಲ್ಲ.

ನಿಶ್ಚಯದ ದಿವಸ ಬಂತು. ಪಡಸಾಲ್ಯಾಗ ಜಮಖಾನಿ ಹಾಸಿದ್ರು. ಸವಣೂರಿನವರು ಎಲಿ ಪೆಂಡಿ, ಸವಣೂರ ಖಾರದ ಚೀಲ ಹಿಡಕೊಂಡು ಬಂದಿಳದ್ರು. ನಾಗಪ್ಪ ಎತ್ತರದ ಆಳು, ಬಿಳೇ ಪಟಗಾ, ಮಾತು ಕಡಿಮಿ. ಅವರ ಹೆಂಡ್ತಿ ಎಲ್ಲಾದಕ್ಕೂ ಮೂಗು ಸ್ವಲ್ಪ ಎತ್ತಿ ನೋಡೂ ಹೆಣ್ಮಗಳು. ರುದ್ರೇಶ ಒಳಗ ಅಂಕಿತಾ ಎಲ್ಲಿ ಅದಾಳು ಅಂತ ಕಣ್ಣಾಗ ಹುಡಕ್ಯಾಡಾಕತ್ತಿದ್ದ. ಒಳಗಿಂದ ಹೋಳಿಗಿ ವಾಸನಿ ಬರಾಕತ್ತಿತ್ತು.

ಹೊನ್ನವ್ವ ಮನ್ಯಾಗ ಇರು ಅಂದ್ರ ಇರಾಕೀನ? ಮಗನ ಕಾರಿನ್ಯಾಗ ದುಂಡಸಿಯಿಂದ ಬಂದ ಬಿಟ್ಟಿದ್ಲು. ಅಡಗಿ ಮನ್ಯಾಗ ಕುರ್ಚಿ ಹಾಕಿಸಿಕೊಂಡು, ಹೂರಣ ಹಿಂಗ ರುಬ್ಬರಿ, ಸಾರಿಗೆ ಹುಳಿ ಸಾಲದು ಅಂತ ಹುಕುಂ ನಡಸಿದ್ಲು. ಶಂಭುಲಿಂಗಪ್ಪ ನೀರು ಕುಡಿಯಾಕ ಒಳಗ ಬಂದಾಗ ಆಕಿ ಅಂಗೈಯಾಗ ಒಂದು ಗುಳಿಗಿ ಹಿಡದು ಕುಂತಿದ್ಲು. ಗುಲಾಬಿ ಬಣ್ಣದ್ದು.

"ಅಣ್ಣಾ, ನೋಡಿಲ್ಲಿ, ನಿನ್ನ ಗುಳಿಗೀನ ನನಗೂ ಕೊಟ್ಟಾರ! ಅಣ್ಣಗ ಒಗ್ಗಿದ್ದು ತಂಗಿಗೆ ಒಗ್ಗದ ಇರತೈತೇನು ಅಂತ ನಾ ಡಾಕ್ಟರಿಗೆ ಹೇಳಿದ್ನಿ." ಆಮ್ಯಾಲ ಎದಿ ಮ್ಯಾಲ ಕೈ ಇಟ್ಟಕೊಂಡು ತಣ್ಣಗ ಅಂದ್ಲು, "ಮುಂಜಾನಿಂದ ಇಲ್ಲಿ ಸ್ವಲ್ಪ ಹಿಡದಂಗ ಆಗೇತಿ. ಗ್ಯಾಸ್ ಇರಬೇಕು."

ಹೊರಗ ಪಡಸಾಲ್ಯಾಗ ಸಕ್ಕರಿ ತಾಟು, ಒಳಗ ತಂಗಿ. ಸಂಜೀತನ ಅಂತ ಅಂದ್ಕೊಂಡಿದ್ನಲ್ಲ, ಸಂಜೀತನ ಆಕಿ ಇರತಾಳೋ ಇಲ್ಲೋ! ಒಂದ ಕ್ಷಣ, ಬರೇ ಒಂದ ಕ್ಷಣ, ಮಗಳ ಮಾರಿ ಕಣ್ಮುಂದ ಬಂತು. ಆಮ್ಯಾಲ ಅಂವ ತಂಗೀ ಕೈ ಹಿಡದು ಎಬ್ಬಿಸಿ, ಜೋಳದ ಚೀಲ ಒಟ್ಟಿದ್ದ ಕ್ವಾಣಿಗೆ ಕರಕೊಂಡು ಹೋದ. ಬಾಗಲ ಮುಂದ ಮಾಡಿ, ಕಿವ್ಯಾಗ ಹೇಳಿದಂಗ ಸಣ್ಣ ದನಿಲೆ ಎಲ್ಲಾ ಹೇಳಿದ. ಗಿರಣಿ ಬಂದ್ ಇದ್ದದ್ದು, ಅಪ್ಪ ಅವ್ವನ ಕಡಿಂದ ಬಂದದ್ದು, ಆ ಗುಳಿಗಿ ತನಗ ಹತ್ತಲಾರದ್ದು.

"ಏನಂದಿ?" ಅಂದ್ಲು ಹೊನ್ನವ್ವ. ಆಕಿ ಸಣ್ಣ ದನಿ ಅಂದ್ರ ಮೂರು ಮನಿಗೆ ಕೇಳತಿತ್ತು. ಈಗ ದೊಡ್ಡ ದನಿ ತಗದ್ಲು. "ನಮ್ಮ ವಂಶದಾಗ ಕೊರತಿ ಐತಿ? ಅಪ್ಪನ ಕಡಿಂದನೂ ಐತಿ, ಅವ್ವನ ಕಡಿಂದನೂ ಐತಿ? ಸಂಕ್ರಾಂತಿಗೆ ಗೊತ್ತಾಗಿ ಈಗ ಹೇಳ್ತಿಯೇನೋ ನನ್ನ ಶಾಣ್ಯಾ!"

ಪಡಸಾಲ್ಯಾಗಿನ ಮಾತು ಒಮ್ಮಿಗೇ ನಿಂತು ಹೋತು. ಹೋಳಿಗಿ ಲಟ್ಟಸೂ ಸಪ್ಪಳಾನೂ ನಿಂತಿತು.

ಇನ್ನೇನೈತಿ? ಆಗೂದು ಆಗಿ ಹೋತು. ಶಂಭುಲಿಂಗಪ್ಪ ಮೊದಲ ಹುಬ್ಬಳ್ಳಿ ಡಾಕ್ಟರಿಗೆ ಫೋನ್ ಹಚ್ಚಿದ. ಅವರು ಸ್ಪಷ್ಟ ಹೇಳಿದ್ರು, "ಗುಳಿಗಿ ಬಿಡಸಬ್ಯಾಡ್ರಿ, ಇದ್ದದ್ದು ನುಂಗಲಿ. ಎದಿ ಹಿಡದೇತಿ ಅಂದ್ರ ತಡಾ ಮಾಡಬ್ಯಾಡ್ರಿ, ಈಗಿಂದೀಗ ಕರಕೊಂಡು ಬರ್ರಿ." ಹೊನ್ನವ್ವ ಗುಳಿಗಿ ನುಂಗಿ, ಅಣ್ಣನ್ನ ಬೈಕೋತ, ಕಾರಿನ ಕಡೆ ಹೊಂಟ್ಲು. ಶಂಭುಲಿಂಗಪ್ಪ ಪಡಸಾಲಿಗೆ ಬಂದು ಬೀಗರ ಮುಂದ ಕೈ ಮುಗದು ನಿಂತ.

"ಬೀಗರ, ನೀವು ಕೇಳಿದ್ದು ಖರೆ. ನನ್ನ ರಕ್ತದಾಗ ಹುಟ್ಟಾ ಒಂದು ಕೊರತಿ ಐತಿ. ಸ್ಟೆಂಟ್ ಹಾಕಿದವರಿಗೆ ಕೊಡೂ ಗುಲಾಬಿ ಗುಳಿಗಿ ನನಗ ಹತ್ತೂದಿಲ್ಲ. ನನ್ನ ಮಗಳಿಗೂ ಅರ್ಧ ಬಂದಿರತೈತಿ. ಸಕ್ಕರಿ ಹಂಚೂತನ ನಿಮಗ ತಿಳೀಬಾರದು ಅಂತ ಮುಚ್ಚಿಟ್ಟಿದ್ನಿ. ಇದರಾಗ ನನ್ನ ಮಗಳ ತಪ್ಪಿಲ್ಲ. ಮುಂದ ನಿಮ್ಮ ಮನಸ್ಸು."

ಬಾಗಲದಾಗ ನಿಂತ ಅಂಕಿತಾ ಸೆರಗಿನ ತುದಿ ಬೆರಳಿಗೆ ಸುತ್ತಾಕತ್ತಿದ್ಲು. ಅಷ್ಟೊತ್ತಿನ್ಯಾಗ ಒಂದು ಚಮತ್ಕಾರ ಆತು. ಕುಂಬಳಕಾಯಿ ಕಳ್ಳ ಅಂದ್ರ ಹೆಗಲ ಮುಟ್ಟಿ ನೋಡಿಕೊಂಡ ಅಂತಾರಲ್ಲ, ಹಂಗ ನಾಗಪ್ಪನ ಕೈ ಹಗೂರಕ ತನ್ನ ಒಳ ಅಂಗಿ ಕಿಸೆಕ್ಕ ಹೋತು.

"ಏನ್ರಿ, ಬ್ಯಾಡ," ಅಂದ್ಲು ಅವನ ಹೆಂಡ್ತಿ, ಹಲ್ಲು ಕಚ್ಚಿ.

ಕೈ ಹೊರಗ ಬಂತು. ಕೈಯಾಗ ಒಂದು ಗುಳಿಗಿ ಸ್ಟ್ರಿಪ್. ಗುಲಾಬಿ ಬಣ್ಣದ ಗುಳಿಗಿ. "ಬೀಗರ," ಅಂದ ನಾಗಪ್ಪ, "ಆ ಗುಳಿಗಿ ಇದೇನ್ರಿ?"

"ಇದ ರೀ! ನಿಮ್ಮ ಹತ್ರ ಹೆಂಗ ಬಂತಿದು?"

"ದೀಪಾವಳಿ ಆದ ಮ್ಯಾಲ ನಾವು ಶ್ರೀಶೈಲಕ್ಕ ಹೋಗಿದ್ವಿ ಅಂತ ಹೇಳಿದ್ವಲ್ರಿ. ಶ್ರೀಶೈಲಕ್ಕ ಹೋಗಿದ್ದಿಲ್ಲ. ದಾವಣಗೆರೆ ದವಾಖಾನಿಗೆ ಹೋಗಿದ್ವಿ. ನನಗೂ ಒಂದು ಹಾಕ್ಯಾರ." ನಾಗಪ್ಪ ಎದಿ ತೋರಿಸಿದ. "ಗಂಡಿನ ಅಪ್ಪಗ ಎದಿ ಜಡ್ಡು ಅಂದ್ರ ಯಾರು ಹೆಣ್ಣು ಕೊಡ್ತಾರ ಅಂತ ಈಕಿ ಅಂಜಿದ್ಲು."

"ಮತ್ತ ನಮಗ ಪ್ರಸಾದ ಅಂತ ಕೊಟ್ರಲ್ರಿ!" ಅಂತ ಸರೋಜವ್ವ ಒಳಗಿಂದನ ಕೂಗಿದ್ಲು. "ನಾ ಕಣ್ಣಿಗೊತ್ತಿಕೊಂಡು ತಿಂದೇನಲ್ರಿ!"

"ಅದು ಬಸ್ ಸ್ಟ್ಯಾಂಡಿನ ಪೇಡೇರಿ," ಅಂದ ನಾಗಪ್ಪ ಸಣ್ಣ ದನಿಲೆ.

ಯಾರೋ ಒಬ್ಬರು ಪುಸಕ್ಕಂತ ನಕ್ರು. ರುದ್ರೇಶ ಇರಬೇಕು. ಆಮ್ಯಾಲ ಇಡೀ ಪಡಸಾಲಿ ನಕ್ಕಿತು. ನಗಲಾರದಾಕಿ ಒಬ್ಬಾಕಿ, ನಾಗಪ್ಪನ ಹೆಂಡ್ತಿ. ಆಕಿ ಎದ್ದು ನಿಂತು ಸೆರಗು ಬಿಗಿದು ಗಂಡಗ ಅಂದ್ಲು, "ನೀವೂ ಕಾರು ಹತ್ರಿ, ಹೋಗ್ರಿ, ತೋರಿಸಿಕೊಂಡು ಬರ್ರಿ. ಮೊದಲ ಜೀವ. ಸಕ್ಕರಿ ಮಾತು ಆಮ್ಯಾಲ ನೋಡೂಣು."

ಆ "ನೋಡೂಣು" ಅನ್ನೂ ಮಾತು ಶಂಭುಲಿಂಗಪ್ಪನ ಎದಿಗೆ ನಟ್ಟಿತು. ನಮ್ಮ ಕಡೆ ನೋಡೂಣು ಅಂದ್ರ ಇಲ್ಲ ಅಂತ ಅರ್ಥ.

ಹುಬ್ಬಳ್ಳ್ಯಾಗ ಹೊನ್ನವ್ವಗ ಇಸಿಜಿ ಮಾಡಿದ್ರು, ಸಂಜೀತನ ಇಟ್ಟಕೊಂಡು ರಕ್ತಾನೂ ಪರೀಕ್ಷಾ ಮಾಡಿದ್ರು. ಎದಿಗೆ ಏನೂ ಆಗಿರಲಿಲ್ಲ. "ಏನು ತಿಂದಿದ್ರಿ?" ಅಂತ ಡಾಕ್ಟರು ಕೇಳಿದ್ದಕ್ಕ, ಮುಂಜಾನೆ ಮಿರ್ಚಿ ಭಜಿ, ಮ್ಯಾಲ ಮೂರು ಹೋಳಿಗಿ ರುಚಿ ನೋಡೇನಿ ಅಂತ ಒಪ್ಪಿಕೊಂಡ್ಲು. ಜೀನಿನ ಪರೀಕ್ಷಾಕ್ಕ ಆಕೀದೂ ನಾಗಪ್ಪಂದೂ ರಕ್ತ ತಗೊಂಡ್ರು. ಫಲಿತಾಂಶ ಬರಾಕ ಒಂದು ವಾರ ಆಗತೈತಿ ಅಂದ್ರು.

ಆ ವಾರ ಶಂಭುಲಿಂಗಪ್ಪಗ ಮುಗೀಲಾರದ ವಾರ ಆತು. ಸವಣೂರಿಂದ ಫೋನಿಲ್ಲ. ಮಾರ್ಕೆಟ್ಟಿನ್ಯಾಗ ಎಲ್ಲಾರಿಗೂ ಗೊತ್ತಾಗಿತ್ತು, "ನಿಮ್ಮ ಗಿರಣಿ ರಿಪೇರಿ ಆತೇನ್ರಿ?" ಅಂತ ಚಾಷ್ಟಿ ಮಾಡಾಕತ್ತಿದ್ರು. ಅಂವ ನಗತಿದ್ದ, ಮನಿಗೆ ಬಂದ ಮ್ಯಾಲ ಫೋನ್ ತಗದು ತಗದು ನೋಡತಿದ್ದ.

"ನಿನ್ನ ಮದುವಿ ನಾನ ಮುರದೆ ಅನಸ್ತತವ್ವ," ಅಂದ ಮಗಳ ಮುಂದ.

"ಹೊನ್ನವ್ವತ್ತೀನ್ನ ಕೈ ಬಿಟ್ಟು ನನ್ನ ಮದುವಿ ಮಾಡಿದ್ರ ನಾ ಹೋಳಿಗಿ ಹೆಂಗ ತಿನ್ನಲೆಪ್ಪಾ?" ಅಂದ್ಲು ಅಂಕಿತಾ. ಅಂದ್ಲು ಖರೆ, ಆದ್ರ ಆಕಿ ಕಣ್ಣು ಕೆಂಪಾಗಿದ್ದು ಅಪ್ಪಗ ಕಂಡಿತು.

ಫಲಿತಾಂಶದ ದಿವಸ ಮೂವರೂ ಡಾಕ್ಟರ ಮುಂದ ಸಾಲಾಗಿ ಕುಂತ್ರು. ಹೊನ್ನವ್ವನ ಹೆಸರು ಮೊದಲ ಬಂತು. "ನಿಮ್ಮಲ್ಲಿ ಆ ಕೊರತಿ ಇಲ್ಲವ್ವ. ಎರಡೂ ಜೀನ್ ಗಟ್ಟಿ ಅದಾವು. ಇದ ಗುಳಿಗಿ ನಿಮಗ ಸರಿಯಾಗಿ ಹತ್ತತೈತಿ."

"ನಾ ಹೇಳಿದ್ನಿಲ್ಲ?" ಅಂದ್ಲು ಹೊನ್ನವ್ವ. ಆಕಿ ಹೇಳಿದ್ದು ಅಣ್ಣಗ ಒಗ್ಗಿದ್ದು ನನಗೂ ಒಗ್ಗತೈತಿ ಅಂತ, ಅಣ್ಣಗ ಒಗ್ಗಿದ್ದ ಇಲ್ಲ. ಶಂಭುಲಿಂಗಪ್ಪಗ ಹಗೂರಾದಂಗೂ ಆತು, ಹುಚ್ಚು ಹಿಡದಂಗೂ ಆತು. ಇಷ್ಟಕ್ಕ ನಾ ಮಗಳ ನಿಶ್ಚಯ ಕೆಡಿಸಿದ್ನೇನು?

ಡಾಕ್ಟರು ನಾಗಪ್ಪನ ಕಡೆ ತಿರುಗಿದ್ರು. ಈ ಸಲ ಅವರು ನಗಲಿಲ್ಲ. "ಯಜಮಾನ್ರ, ನಿಮ್ಮದು ಪೂರಾ ಇವರ ಹಂಗ. ಎರಡೂ ಕೆಲಸ ಮಾಡೂದಿಲ್ಲ. ದೀಪಾವಳಿಯಿಂದ ನೀವು ನುಂಗಿದ ಗುಳಿಗಿ ನಿಮಗ ಆಸರ ಆಗಿಲ್ಲ. ಎದಿ ನೋವು ಬಂದಿತ್ತೇನು ನಡುವ?"

"ತ್ವಾಟದ ಏರಿ ಹತ್ತೂಮುಂದ..." ಅಂದ ನಾಗಪ್ಪ. "ವಯಸ್ಸು ಅಂದ್ಕೊಂಡಿದ್ನಿ."

"ಇವತ್ತಿಂದನ ಗುಳಿಗಿ ಬದಲಿ. ಹೊತ್ತಿಗೆ ಸರಿಯಾಗಿ ಬಂದ್ರಿ. ಬರಲಾರದ ಇದ್ದಿದ್ರ ನಾ ಏನೂ ಹೇಳಾಕ ಬರತಿದ್ದಿಲ್ಲ." ಆಮ್ಯಾಲ ಡಾಕ್ಟರು ಇಬ್ಬರನ್ನೂ ನೋಡಿದ್ರು. "ನೀವಿಬ್ಬರೂ ಬೀಗರಾಗಾವ್ರು ಅಂತ ಕೇಳೇನಿ. ಹಂಗಿದ್ರ ತಿಳಕೊಂಡಿರ್ರಿ. ನಿಮ್ಮ ಮಗಳಿಗೊಂದು, ಇವರ ಮಗಗೊಂದು ಕೆಲಸ ಮಾಡಲಾರದ ಜೀನ್ ಖಾತ್ರಿ ಬಂದಿರತೈತಿ. ಅವರಿಗೆ ಹುಟ್ಟೂ ಮಕ್ಕಳಾಗ ನಾಕರಾಗ ಒಂದಕ್ಕ ನಿಮ್ಮ ಹಂಗ ಆಗಬಹುದು. ಅಂಜೂದೇನಿಲ್ಲ, ಗೊತ್ತಿದ್ರ ಸಾಕು."

ಮುಗೀತು ಅಂದ್ಕೊಂಡ ಶಂಭುಲಿಂಗಪ್ಪ. ಅರ್ಧ ಕೊರತಿ ಅಂತ ಹೇಳಿದ್ದು ಸಾಲದಂತ ಈಗ ಮೊಮ್ಮಕ್ಕಳ ಮಾತೂ ಬಂತು. ದವಾಖಾನಿ ಹೊರಗ ಬಂದು ಮೆಟ್ಟಲ ಮ್ಯಾಲ ನಿಂತ. ನಾಗಪ್ಪ ಹಿಂದಿಂದ ಬಂದು ಬಾಜೂ ನಿಂತ.

"ಬೀಗರ," ಅಂದ ನಾಗಪ್ಪ, "ನಮ್ಮ ಮನ್ಯಾಗ ತ್ವಾಟ ಐತಿ, ಹೈನ ಐತಿ, ಎಲ್ಲಾ ಐತಿ. ಆದ್ರ ಆದದ್ದು ಆದಂಗ ಹೇಳೂ ರೂಢಿ ಇಲ್ಲ. ಏರಿ ಮ್ಯಾಲ ಎದಿ ನೋಯಾಕತ್ತಿದ್ದು ನಾ ಹೆಂಡ್ತಿಗೂ ಹೇಳಿದ್ದಿಲ್ಲ. ಮರ್ಯಾದಿ ಅಂತ ಸುಮ್ನಿದ್ದು ಸಾಯಾಕ ಹೊಂಟಿದ್ನಿ. ನೀವು ತಂಗೀ ಸಲುವಾಗಿ ಮಗಳ ನಿಶ್ಚಯಾನ ಪಣಕ್ಕಿಟ್ರಿ. ಅಂಥಾ ಅಪ್ಪನ ಮಗಳು ನಮ್ಮ ಮನಿಗೆ ಬರಬೇಕು. ಇಲ್ಲ ಅನಬ್ಯಾಡ್ರಿ."

"ಇಲ್ಲ ಅನ್ನಾವ್ರು ನೀವು ಅಂತ ನಾ ವಾರದಿಂದ ನಿದ್ದಿ ಮಾಡಿಲ್ಲಲ್ರಿ!" ಅಂದ ಶಂಭುಲಿಂಗಪ್ಪ, ಅಂದವನ ಧೋತರದ ಚುಂಗಿಲೆ ಕಣ್ಣು ಒರಸಿಕೊಂಡ. ಒರಸಿಕೊಂಡಷ್ಟೂ ನೀರು ಬರಾಕತ್ತಿತು. "ನಾಕರಾಗ ಒಂದು ಅಂದ್ರಲ್ರಿ ಡಾಕ್ಟರು, ಅದು ನಡೀತತೇನ್ರಿ?"

"ಹುಟ್ಟಲಿ ಬಿಡ್ರಿ ಮೊದಲ. ಹುಟ್ಟಿದ ಮ್ಯಾಲ ಹೇಳೂಣು."

ಹೊನ್ನವ್ವ ಬಂದು ಇಬ್ಬರನ್ನೂ ನೋಡಿದ್ಲು. "ಏನಿದು, ಜಡ್ಡಿನ್ಯಾಗಿಂದ ಎದ್ದಾಕಿ ನಾನು, ಅಳಾವ್ರು ನೀವೇನು? ಮೊದಲ ಹುಡುಗಿಗೆ ಹೇಳ್ರಿ, ಅಲ್ಲಿ ಜೀವ ಹಿಡಕೊಂಡು ಕುಂತಿರತೈತಿ."

ಶಂಭುಲಿಂಗಪ್ಪ ಫೋನ್ ಹಚ್ಚಿದ. ಮಗಳು "ಅಪ್ಪಾ" ಅಂದ್ಲು. ಫೋನ್ ತಗದು ನಾಗಪ್ಪನ ಕೈಯಾಗ ಕೊಟ್ಟ.

"ಅವ್ವಾ ಅಂಕಿತಾ," ಅಂದ ನಾಗಪ್ಪ. "ನಾನು... ನಿನ್ನ ಮಾವ ಮಾತಾಡಾಕತ್ತೇನಿ."

ಮಾವ ಅನ್ನೂ ಆ ಒಂದು ಮಾತು ಆ ಹುಡುಗಿಗೆ ಹೆಂಗ ಮುಟ್ಟಿತೋ ಏನೋ. ಆ ಕಡಿಂದ ಅಳು ನುಂಗಿಕೊಂಡ ದನಿ ಬಂತು, "ಮಾವಾರ, ನಿಮ್ಮ ಎದಿ ಹೆಂಗೈತ್ರಿ?"

ಏನಿಲ್ಲವ್ವ, ಆರಾಮ ಅದೇನಿ ಅನ್ನೂ ಮಾತು ನಾಗಪ್ಪನ ತುಟೀತನ ಬಂದಿತ್ತು. ಅದನ್ನ ಅಲ್ಲೇ ನಿಂದ್ರಿಸಿದ.

"ನೋಯ್ತತವ್ವ," ಅಂದ. "ಮೆಟ್ಟಲ ಹತ್ತಿದ್ರ ನೋಯ್ತತಿ." ಮತ್ತ ದವಾಖಾನಿ ಮೆಟ್ಟಲ ಮ್ಯಾಲ ಕುಂತು, ಸೊಸಿ ಕೇಳಿದ್ದಕ್ಕೆಲ್ಲಾ ಒಂದೊಂದಾಗಿ ಉತ್ತರ ಹೇಳಾಕ ಹತ್ತಿದ.